ಆಫೀಸಿನ ದಾರ

ವ್ಯಾಸರಾಜನ ಅಂಗಿಯ ಜೇಬಿನಲ್ಲಿ ಹೆಂಗಸಿನ ಕೂದಲು ಸಿಕ್ಕಿದ್ದರೆ ಕೃಷ್ಣಪ್ರಿಯಾ ಅತ್ತು, ಮಾತು ಬಿಟ್ಟು, ರಾಯಚೂರಿನ ತವರಿಗೆ ಫೋನ್ ಮಾಡಿ ಒಂದು ದಾರಿ ಕಾಣುತ್ತಿದ್ದಳು. ಸಿಕ್ಕಿದ್ದು ದಾರ. ಹಸಿರು ಬಣ್ಣದ್ದು, ಕೂದಲಿಗಿಂತ ತುಸುವೇ ದಪ್ಪ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ಬೆರಳಿಗೆ ಗೀರು ಬಿತ್ತೇ ಹೊರತು ಅದು ಹರಿಯಲಿಲ್ಲ. ಹಲ್ಲಿಗೆ ಕೊಟ್ಟಳು. ಹಲ್ಲು ಚುಳ್ ಎಂದಿತು, ದಾರ ಹಾಗೆಯೇ ಇತ್ತು. ನಾರಾಯಣಪೇಟೆಯ ಹತ್ತಿನೂಲು ಆಕೆಗೆ ಗೊತ್ತು, ಗದ್ವಾಲಿನ ರೇಷ್ಮೆ ಗೊತ್ತು, ಜರಿಯೂ ಗೊತ್ತು. ಇದು ಅದ್ಯಾವುದೂ ಅಲ್ಲ.

"ಏನ್ರಿ ಇದು?" ಎಂದು ಕೇಳಿದಳು.

"ಆಫೀಸಿನ ದಾರ. ಫೈಲು ಕಟ್ಟೋದು," ಎಂದು ಗಂಡ ಪೇಪರಿನ ಹಿಂದೆ ಹೋದ.

ವ್ಯಾಸರಾಜ ಮಕ್ತಲಿನಿಂದ ದಿನಾ ನಾರಾಯಣಪೇಟೆಗೆ ಹೋಗಿ ಬರುವ ಸರ್ಕಾರಿ ನೌಕರ. ಕೃಷ್ಣಪ್ರಿಯಾ ಕಚೇರಿ ಗುಮಾಸ್ತನ ಮಗಳು. ಅಪ್ಪ ಮನೆಗೆ ತರುತ್ತಿದ್ದ ಫೈಲುಗಳಿಗೆ ಲಂಗ ಉಡುವ ವಯಸ್ಸಿನಿಂದ ಗಂಟು ಹಾಕಿದವಳು. ಫೈಲಿಗೆ ಬಿಳಿ ಲಾಡಿ ಕಟ್ಟುತ್ತಾರೆ, ಇಲ್ಲವೇ ಕೆಂಪು. ಸುಳ್ಳು ಹೇಳಲೇಬೇಕಾಗಿದ್ದರೆ ಗುಮಾಸ್ತನ ಮಗಳಿಗೆ ಫೈಲಿನ ಸುಳ್ಳು ಹೇಳಬಾರದಿತ್ತು. ಅವಳು ಆ ದಾರವನ್ನು ಕುಂಕುಮದ ಭರಣಿಯ ಕೆಳಗೆ ಸುತ್ತಿಟ್ಟಳು.

ಒಂದು ಸಲ ಅನುಮಾನ ಹೊಕ್ಕರೆ ಮನೆಯ ಸಾಮಾನೆಲ್ಲ ಸಾಕ್ಷಿ ಹೇಳುತ್ತವೆ. ಮೊದಲು ಬಾಯಿಬಿಟ್ಟದ್ದು ಛತ್ರಿ. ಭಾನುವಾರವೂ ಕೆಲಸವಿದೆ ಎಂದು ಹೊರಡುವಾಗ ಗಂಡ ಒಂದು ಉದ್ದನೆಯ ಛತ್ರಿಯನ್ನು ಅದರ ಕರಿ ಚೀಲದ ಸಮೇತ ಸ್ಕೂಟರಿಗೆ ಕಟ್ಟಿಕೊಳ್ಳುತ್ತಿದ್ದ. ಮಳೆಯ ಸುಳಿವಿಲ್ಲ. ಬಿಸಿಲಿಗಾದರೂ ಅದನ್ನು ಬಿಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಸ್ಕೂಟರ್ ನಡೆಸುತ್ತ ಛತ್ರಿ ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಫೋನು. ಸಂಜೆ ಹಪ್ಪಳ ತೆಗೆದುಕೊಂಡು ಬರಲು ಮಾಳಿಗೆ ಹತ್ತಿದವಳಿಗೆ ನೀರಿನ ಟಾಕಿಯ ಆಚೆಯಿಂದ ಗಂಡನ ಮಾತು ಕೇಳಿಸಿತು.

"ಹಳೇದು ಸಾಕಾಗ್ಯದ ಮಾರಾಯಾ. ಅದಕ್ಕ ಮೆಮೊರಿ ಭಾಳ. ಎಷ್ಟು ಸರಿಮಾಡಿದ್ರೂ ಮತ್ತ ಹಳೇ ಸುತ್ತಿಗೇ ಬಂದು ನಿಲ್ತದ. ಈ ಹೊಸ ಲೈನ್ ನೋಡು, ತೆಳ್ಳಗದ, ಮೆತ್ತಗದ. ಆ ಕಡೆ ಒಂಚೂರು ಅಲುಗಾಡಿದ್ರೂ ಈ ಕಡೆ ಕೈಗೆ ತಿಳೀತದ."

ಲೈನ್ ಎಂದರೆ ಏನು, ಲೈನ್ ಹೊಡೆಯುವುದು ಎಂದರೆ ಏನು ಎಂಬುದು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಾಲೇಜಿಗೆ ಹೋದ ಯಾವ ಹುಡುಗಿಗೂ ಹೇಳಿಕೊಡಬೇಕಾಗಿಲ್ಲ. ಅದಕ್ಕಿಂತ ಆ ಮೆಮೊರಿಯ ಮಾತು ನಾಟಿತು. ಗಂಡ ಯಾವ ಹಬ್ಬದಲ್ಲಿ ಏನು ಮರೆತ, ಯಾರ ಮದುವೆಯಲ್ಲಿ ಯಾರೆದುರಿಗೆ ತನ್ನನ್ನು ಏನೆಂದ ಎಂಬುದೆಲ್ಲ ಅವಳಿಗೆ ಇವತ್ತಿಗೂ ನೆನಪು, ವರ್ಷಕ್ಕೊಮ್ಮೆಯಾದರೂ ಎತ್ತಿ ಆಡುವಳು. ಹಳೆಯದು ಎಂದರೆ ತಾನೇ. ಹಪ್ಪಳವನ್ನು ಮಾಳಿಗೆಯಲ್ಲಿಯೇ ಬಿಟ್ಟು ಇಳಿದು ಬಂದಳು. ಅವತ್ತಿನ ಸಾರಿಗೆ ಉಪ್ಪು ಬೀಳಲಿಲ್ಲ, ಬಡಿಸುವಾಗ ಯಾರೂ ಕೇಳಲೂ ಇಲ್ಲ.

ಉಳಿದ ಕೆಲಸವನ್ನು ಆಶಮ್ಮ ಮಾಡಿದಳು. ಓಣಿಯಲ್ಲಿರುವ ರಾಯರ ಮಠಕ್ಕೆ ಬುಧವಾರ ಸಂಜೆ ಹೂ ತಂದುಕೊಡುವವಳು ಆಕೆ. ಗುರುವಾರದ ಪೂಜೆ ಮತ್ತು ನೈವೇದ್ಯ ಅಜ್ಜನ ಕಾಲದಿಂದ ವ್ಯಾಸರಾಜನ ಮನೆತನದ್ದು. ಹೂ ಅಳೆದು ಕೊಡುತ್ತ ಆಶಮ್ಮ ದನಿ ತಗ್ಗಿಸಿದಳು.

"ಅವ್ವಾರೆ, ನಾನು ನಮ್ಮ ತಂಗಿ ಮನಿಗಿ ನಾರಾಣಪೇಟಿಗಿ ಹೋಗಿದ್ನಿರಿ. ನೇಕಾರ ಓಣ್ಯಾಗ ನಿಮ್ಮನಿ ಸಾರು ಕುಂತಿದ್ರು. ಬಾಲರಾಜನ ಹೇಂತಿ ನವನೀತಾ ಅಂತ ಐತಲ್ರಿ, ಆಕಿ ಮನಿ ಕಟ್ಟಿಮ್ಯಾಗ. ಇಬ್ಬರೂ ಎದುರಾಬದರಾ."

"ಏನು ಮಾಡ್ಲಿಕ್ಕತ್ತಿದ್ರು?"

"ನಡುವ ದಾರ ಇತ್ತುರಿ. ಆಕಿ ಬೆರಳಾಗ ಹಿಡಕೊಂಡಿದ್ಲು, ಸಾರು ಏನೋ ತಿರುವಾಕತ್ತಿದ್ರು. ನಗಾಕತ್ತಿದ್ರುರಿ ಇಬ್ಬರೂ."

ಬೇರೆ ಊರಿನ ಹೆಂಗಸಿಗೆ ಇದನ್ನು ಹೇಳಿದ್ದರೆ ದಾರವಂತೆ, ಹೋಗಲಿ ಬಿಡು ಎನ್ನುತ್ತಿದ್ದಳೋ ಏನೋ. ಆದರೆ ಈ ಕಡೆಯ ಮದುವೆಗಳಲ್ಲಿ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನಡುವೆ ಮದುಮಕ್ಕಳನ್ನು ಕೂರಿಸಿ, ಸುತ್ತಲೂ ನೂಲು ಎಳೆಯುತ್ತಾರೆ. ಆ ನೂಲಿಗೇ ಅರಿಸಿನ ಹಚ್ಚಿ ಇಬ್ಬರ ಕೈಗೂ ಕಂಕಣ ಕಟ್ಟುವುದು. ದಾರದ ಒಳಗೆ ನಗುತ್ತ ಕೂತಿದ್ದು ಕೃಷ್ಣಪ್ರಿಯಾಳ ಮಟ್ಟಿಗೆ ತಾನು ಮತ್ತು ತನ್ನ ಗಂಡ, ಇನ್ಯಾರೂ ಅಲ್ಲ. ಆಶಮ್ಮ ಅಳೆದ ಹೂವನ್ನು ಅವಳು ಮತ್ತೆ ಅಳೆದಳು, ಮತ್ತೆ ತಪ್ಪಿದಳು.

ಮಡಿಗೆ ಒಂದು ಸೀರೆ ಬೇಕು ಎಂದು ನೆಪ ಹೇಳಿ ನಾರಾಯಣಪೇಟೆಗೆ ಹೊರಟಳು. ಅತ್ತೆ ಜಯಾಬಾಯಿ ತಹಶೀಲ ಕಚೇರಿಯ ಫೈಲು ನೋಡಿಕೊಳ್ಳುತ್ತಿದ್ದು ತೀರಿಹೋದ ಪೇಶ್ಕಾರರ ಹೆಂಡತಿ, ಕೂತಲ್ಲಿಂದಲೇ ಮನೆಯ ಹಾಜರಿ ತೆಗೆದುಕೊಳ್ಳುವವರು. "ಇದ್ದ ಸೀರಿನೇ ಹರದಿಲ್ಲಲ್ಲ," ಎಂದರು. "ಹರಿಯೋದು ಯಾವಾಗ ಅಂತ ಯಾರಿಗೆ ಗೊತ್ತಾಗ್ತದ ಅತ್ತಿ," ಎಂದು ಸೊಸೆ ಬಸ್ಸು ಹತ್ತಿದಳು.

ನವನೀತಾಳನ್ನು ಅವಳು ದಾರಿಯುದ್ದಕ್ಕೂ ತಿದ್ದಿ ತೀಡಿ ಚೆಲುವೆ ಮಾಡಿದ್ದಳು. ಕಂಡದ್ದು ಬೇರೆ. ಮೂಗಿನ ತುದಿಗೆ ಕನ್ನಡಕ, ಬಾಯಿ ತುಂಬ ಎಲೆಯಡಿಕೆ, ನರೆಗೂದಲಿಗೆ ಹಚ್ಚಿದ ಗೋರಂಟಿ. ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಳಗೆ ಮಗ್ಗದ ಸದ್ದು, ಗಂಡ ಬಾಲರಾಜ ನೇಯುತ್ತಿರಬೇಕು. ಕೃಷ್ಣಪ್ರಿಯಾಳಿಗೆ ಇದರಿಂದ ಸಮಾಧಾನವಾಗಲಿಲ್ಲ. ಚೆಲುವೆಯಾಗಿದ್ದರೆ ಕಾರಣವಾದರೂ ತಿಳಿಯುತ್ತಿತ್ತು.

"ಭಾನುವಾರ ಇಲ್ಲಿ ಯಾರೋ ದಾರ ಸುತ್ತಲಿಕ್ಕೆ ಬರ್ತಾರಂತಲ್ಲ," ಎಂದಳು, ಸೀರೆಯ ಮಾತನ್ನೂ ಎತ್ತದೆ.

ನವನೀತಾ ಅವಳ ಮುಖ ನೋಡಿದಳು, ಕೊರಳಿನ ತಾಳಿ ನೋಡಿದಳು, ರಾಟೆ ನಿಲ್ಲಿಸಿದಳು. "ಸಾರ ಮನಿಯೋರೇನ್ರಿ? ಬರ್ರಿ ಅಕ್ಕಾ, ಒಳಗ ಬರ್ರಿ," ಎಂದು ನಕ್ಕು ಗೂಡಿನಿಂದ ಅಂಗಡಿಯಿಂದ ದಾರ ಸುತ್ತಿ ಬರುವ ಒಂದು ಖಾಲಿ ಪ್ಲಾಸ್ಟಿಕ್ ಉಂಡೆ ತಂದು ಅವಳ ಅಂಗೈಗಿಟ್ಟಳು. ಅದರ ಮೇಲಿನ ಚೀಟಿಯಲ್ಲಿ ಒಂದು ದೊಡ್ಡ ಮೀನು ಬಾಯಿ ತೆರೆದು ನೀರಿನಿಂದ ಮೇಲಕ್ಕೆ ನೆಗೆಯುತ್ತಿತ್ತು.

"ಗಾಳದ ದಾರ್ರಿ. ನಮ್ಮನಿಯೋರೇ ಸಾರಿಗಿ ಈ ಹುಚ್ಚು ಹಚ್ಚಿದ್ದು. ಮೊದಲ ಸಲ ಸಾರು ಒಬ್ಬರೇ ರೀಲಿಗಿ ಸುತ್ತಿಕೊಂಡ್ರು, ನೀರಿಗಿ ಎಸದ್ರ ಬರೇ ಗಂಟು. ಎದುರಿಗಿ ಒಬ್ರು ಬಿಗಿ ಹಿಡೀಬೇಕುರಿ. ಉಂಡಿ ನೆಲದಮ್ಯಾಗ ಮಲಗಿಸಬೇಕು, ದಾರ ಎತ್ತ ಸುತ್ತಿಕೊಂತ ಬಿಚ್ಚತೈತಿ, ರೀಲೂ ಅತ್ತಲೇ ಸುತ್ತಬೇಕು. ಉಲ್ಟಾ ಆಯ್ತಂದ್ರ ಹುರಿ ಏರತೈತಿ."

"ಮತ್ತ ಮೆಮೊರಿ ಅಂದ್ರ?"

"ಹಳೇದು ಪ್ಲಾಸ್ಟಿಕ್ ದಾರ ಇತ್ತಲ್ರಿ, ಅದು ಉಂಡಿಯಾಗ ಹೆಂಗ ಕುಂತಿರತೈತಿ ಹೊರಗ ಬಂದ್ರೂ ಹಂಗೇ ಸುರುಳಿ ಸುರುಳಿ. ಅದಕ್ಕ ಹಂಗಂತಾರಂತ. ಇದು ಹೊಸದು, ಎಳಿ ಎಳಿ ಸೇರಿಸಿ ಹೆಣೆದಿದ್ದು."

ಕೃಷ್ಣಪ್ರಿಯಾಳಿಗೆ ಎಲೆಯಡಿಕೆಯ ಬಾಯನ್ನೂ ಲೆಕ್ಕಿಸದೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಅಷ್ಟು ಹಗುರಾದಳು. ಬೇಡದ ಸೀರೆಯೊಂದನ್ನು ಕೊಂಡಳು. ಹೊರಡುವಾಗ ಸುಮ್ಮನೆ ಕೇಳಿದಳು, "ಹಿಡಿದ ಮೀನು ಏನು ಮಾಡ್ತಾರ?"

"ನೀರಿಗೇ ಬಿಡ್ತಾರಂತ್ರಿ. ನಾ ಏನು ನೋಡಾಕ ಹೋಗಿಲ್ಲ."

ಆ ಸಂತೋಷ ದಾರಿಯ ಊಟ್ಕೂರು ಬರುವವರೆಗೆ ಬಾಳಿತು. ಅಲ್ಲಿ ಬಸ್ಸು ನಿಂತಾಗ 'ನೋಡಾಕ ಹೋಗಿಲ್ಲ' ಎಂಬ ಮಾತು ಪಕ್ಕಕ್ಕೆ ಬಂದು ಕೂತಿತು. ಹಿಡಿದವರು ಯಾಕೆ ಬಿಡುತ್ತಾರೆ? ಬಿಡುವುದಾದರೆ ಯಾಕೆ ಹಿಡಿಯುತ್ತಾರೆ? ಮೀನು ಎಂಬ ಶಬ್ದ ಆ ಮನೆಯಲ್ಲಿ ದೇವರ ಅವತಾರದ ಹೆಸರಾಗಿ ಬಿಟ್ಟರೆ ಬೇರೆ ಯಾವ ಕಾರಣಕ್ಕೂ ಬಾಯಿಗೆ ಬಂದದ್ದಿಲ್ಲ. ಈರುಳ್ಳಿ ಕೂಡ ಹಿತ್ತಲಿನವರೆಗೆ ಬಂದು ಹಿಂದೆ ಹೋಗಿದೆ. ಭಾನುವಾರ ಮೀನು ತಿಂದ ಕೈ ಗುರುವಾರ ರಾಯರಿಗೆ ನೈವೇದ್ಯ ಇಟ್ಟರೆ? ಹೊರಗಿನ ಹೆಣ್ಣು ಎಂದಿದ್ದರೆ ಅದು ತನ್ನೊಬ್ಬಳ ಗೋಳು, ತಾನೇ ನುಂಗಿಕೊಳ್ಳಬಹುದಿತ್ತು. ಇದು ಹೊರಬಿದ್ದರೆ ಅಜ್ಜನ ಕಾಲದ ಪೂಜೆ ಹೋಗುತ್ತದೆ, ಅತ್ತೆ ಅನ್ನ ಬಿಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಾನು ದಿನಾ ಎಲೆಯ ಮುಂದೆ ಕೂರಿಸಿ ಬಡಿಸುವ ಮನುಷ್ಯ ಯಾರು ಎಂಬುದೇ ತನಗೆ ಗೊತ್ತಿಲ್ಲವೆಂದಾಯಿತು.

ಅವಳು ಅಂಗಿ ಮೂಸಿದಳು, ಕರವಸ್ತ್ರ ಮೂಸಿದಳು. ಗಂಡ ನಿದ್ದೆಯಲ್ಲಿ ಬಾಯಿ ತೆರೆದಾಗ ಬಗ್ಗಿ ಮೂಸಿದಳು. ವಾಸನೆಯೇನೋ ಬಂತು. ಆದರೆ ಮೀನು ತಿಂದ ಬಾಯಿ ಹೇಗೆ ನಾರುತ್ತದೆ ಎಂಬುದು ಅವಳ ಏಳು ತಲೆಮಾರಿನಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ. ಮೂಸಿ ಏನು ಮಾಡಿದಂತಾಯಿತು? ಪಾಪದ ಮನುಷ್ಯ ರಾತ್ರಿ ಹುಳಿ ಮಜ್ಜಿಗೆ ಕುಡಿದಿದ್ದ.

ಗುರುವಾರ ಮಠದಲ್ಲಿ ಕಂಬಕ್ಕೊರಗಿ ನಿಂತು ಅವನ ಬಾಯಿಯನ್ನೇ ನೋಡಿದಳು. ತುಳಸಿ ಏರಿಸುತ್ತ ವ್ಯಾಸರಾಜ ಹತ್ತು ಅವತಾರಗಳ ಹೆಸರು ಹೇಳಬೇಕು. ಮೊದಲನೆಯ ಹೆಸರು ಬಂದಾಗ ಅವನಿಗೆ ಕೆಮ್ಮು ಬಂತು. 'ಮತ್ಸ್ಯಾಯ' ಕೆಮ್ಮಿನಲ್ಲಿಯೇ ಮುಳುಗಿ, 'ಕೂರ್ಮಾಯ ನಮಃ' ಎಂಬುದು ಮಾತ್ರ ಗಂಟೆ ಹೊಡೆದ ಹಾಗೆ ಹೊರಬಂತು. ಅಂದು ತೀರ್ಥ ತೆಗೆದುಕೊಂಡಳು, ಅವನ ಕೈಯ ಪ್ರಸಾದವನ್ನು ಮಾತ್ರ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು ತುಳಸಿ ಗಿಡದ ಬುಡಕ್ಕೆ ಹಾಕಿದಳು.

ಭಾನುವಾರ ಅವನು ಛತ್ರಿ ಕಟ್ಟುವಾಗ ಬಾಗಿಲಿಗೆ ಅಡ್ಡ ನಿಂತಳು.

"ಒಮ್ಮೆ ಬಿಚ್ಚಿ ತೋರಿಸ್ರಿ."

"ಛತ್ರಿ ಮನಿಯೊಳಗ ಬಿಚ್ಚಬಾರದು," ಎಂದ ವ್ಯಾಸರಾಜ. ಮುಖ ಮಾತ್ರ ಬೆಳ್ಳಗಾಯಿತು.

"ಹಂಗಾದ್ರ ಹೊರಗೇ ಬಿಚ್ಚೋಣ. ನಾನೂ ಬರ್ತೀನಿ." ಒಳಗೆ ತಿರುಗಿ, "ಅತ್ತಿ, ಇವರ ಜೋಡಿ ಗದ್ವಾಲಕ್ಕ ಹೋಗಿ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು. ನವನೀತಾಳ ಮನೆಗೆ ಹೋಗಿದ್ದನ್ನು ದಾರಿಯಲ್ಲಿ ಹೇಳಿದಳು. ಅವನ ಬೆನ್ನು ಸೆಟೆದದ್ದು ಹಿಂದೆ ಕೂತವಳಿಗೆ ತಿಳಿಯಿತು. ಸ್ಕೂಟರು ಗದ್ವಾಲದ ದಾರಿಯಲ್ಲಿರುವ ಜುರಾಲಾ ಅಣೆಕಟ್ಟಿನ ಹಿನ್ನೀರಿನ ಬಳಿ ನಿಂತಿತು.

ಬಂಡೆಗುಂಡುಗಳ ನಡುವೆ ನೀರು ನಿಂತಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಛತ್ರಿಯ ಚೀಲದಿಂದ ಒಂದರೊಳಗೊಂದು ಸೇರಿದ್ದ ಕೋಲು ಉದ್ದವಾಗಿ ಹೊರಬಂತು. ಹಳೆಯ ಕಾಲುಚೀಲದಿಂದ ರೀಲು ಬಂತು. ಗಾಳದ ಮುಳ್ಳನ್ನು ಅವಳೆದುರಿಗೆ ಹಿಡಿದ. ಮೀನಿನ ಬಾಯಿ ಹರಿಯದೆ ಬಿಡಿಸಿಕೊಳ್ಳಲಿ ಎಂದು ಅದರ ಕೊಕ್ಕೆಯ ಹಲ್ಲನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದ್ದ.

"ತಿಂತೀರೇನು?" ಎಂದು ನೇರ ಕೇಳಿದಳು.

"ರಾಯರಾಣೆ ಇಲ್ಲ. ಹಿಡೀತೀನಿ, ಬಿಡ್ತೀನಿ."

"ಮತ್ತ ಯಾಕ ಹಿಡೀತೀರಿ?"

ವ್ಯಾಸರಾಜ ಗಾಳವನ್ನು ದಾರದ ತುದಿಗೆ ಕಟ್ಟಿದ. "ಆಫೀಸಿನಾಗ ಎಲ್ಲಾರೂ ಸಾರ್ ಅಂತಾರ, ಮಠದಾಗ ಆಚಾರ್ರ ಅಂತಾರ. ಇಲ್ಲಿ ಯಾರೂ ಏನೂ ಅನ್ನೂದಿಲ್ಲ. ನೀರಿನಾಗಿಂದ ಒಂದು ಜೀವ ಈ ಕಡೆ ಜಗ್ಗಿದ್ರ ಅಷ್ಟು ಹೊತ್ತು ಮನಸ್ಸು ಬ್ಯಾರೆ ಎಲ್ಲೂ ಹೋಗೂದಿಲ್ಲ. ನಿನಗ ಹೇಳಬೇಕು ಅಂತ ಭಾಳ ಸಲ ಅಂದುಕೊಂಡೆ. ಹೆಂಗ ಹೇಳ್ಲಿ?"

ಎಸೆದ. ದಾರ ಸದ್ದಿಲ್ಲದೆ ದೂರಕ್ಕೆ ಹೋಗಿ ಬಿತ್ತು. ಸ್ವಲ್ಪ ಹೊತ್ತಿಗೆ ಅಂಗೈಯಗಲದ ಒಂದು ಮೀನು ಬಂತು. ಅವನು ಮೊದಲು ಕೈ ಒದ್ದೆ ಮಾಡಿಕೊಂಡು ಅದನ್ನು ಹಿಡಿದು, ಗಾಳ ಬಿಡಿಸಿ, ನೀರೊಳಗೆ ಇಟ್ಟು ಅದು ತಾನಾಗಿ ಹೋಗುವವರೆಗೂ ಕಾದ. ಮಡಿ ಬಟ್ಟೆ ಮುಟ್ಟುವಾಗಲೂ ಅವನು ಇಷ್ಟು ನಾಜೂಕಾಗಿರುವುದನ್ನು ಅವಳು ನೋಡಿರಲಿಲ್ಲ. ತಪ್ಪೋ ಸರಿಯೋ, ಸುಳ್ಳಂತೂ ಅಲ್ಲ ಎಂದುಕೊಂಡಳು. ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಇಬ್ಬರೂ ಗುಂಡಿನ ನೆರಳಿಗೆ ಕೂತು ಅವನ ಡಬ್ಬಿಯಲ್ಲಿದ್ದ ಅವಲಕ್ಕಿ ತಿಂದರು.

ಎರಡನೆಯದು ದೊಡ್ಡದಿತ್ತು. ಕೋಲು ಕಮಾನಾಗಿ ಬಾಗಿತು, ರೀಲು ಕಿರ್ರೆಂದಿತು, ವ್ಯಾಸರಾಜನ ಮುಖ ಹುಡುಗನದಾಯಿತು. ಮೀನು ಒಂದು ಗುಂಡಿನ ಮರೆಗೆ ಓಡಿತು. ದಾರ ಕಲ್ಲಿನ ಅಂಚಿಗೆ ತಿಕ್ಕಿ ಟಪ್ ಎಂದದ್ದೇ ತಡ, ಕೋಲು ನೆಟ್ಟಗಾಗಿ ದಾರ ಗಾಳಿಯಲ್ಲಿ ಜೋತುಬಿತ್ತು.

"ಹೋತು ಬಿಡು," ಎಂದು ಅವನು ನಕ್ಕ.

"ಗಾಳ ಎಲ್ಲಿ?"

"ಅದರ ಬಾಯಾಗ."

"ದಾರ?"

"ಅದೂ ಒಂದಿಷ್ಟು ಹೋಗಿರ್ತದ."

"ಬಿಡ್ತೀನಿ ಅಂದ್ರಲ್ಲ."

ಅವನು ನಗುವುದನ್ನು ನಿಲ್ಲಿಸಿದ. ಹಿಂದೆಯೂ ಹೀಗೆ ಹರಿದಿದೆಯೇ ಎಂದು ಕೇಳಿದಳು. ಒಮ್ಮೊಮ್ಮೆ ಎಂದ. ಇನ್ನೂ ದಪ್ಪ ದಾರ ಸಿಗುವುದಿಲ್ಲವೇ ಎಂದು ಕೇಳಿದಳು. ಸಿಗುತ್ತದೆ ಎಂದ.

"ಮತ್ತ ಇದ್ಯಾಕ?"

"ತೆಳ್ಳಂದು ದೂರ ಹೋಗ್ತದ. ಮೀನು ಮುಟ್ಟಿದ್ದು ಕೈಗೆ ಲಗೂನ ತಿಳೀತದ."

ಮಾಳಿಗೆಯ ಮೇಲೆ ಕೇಳಿದ ಅದೇ ಮಾತು. ನವನೀತಾಳ ಮೇಲೆ ಬಾರದಿದ್ದ ಸಿಟ್ಟು ಈಗ ಬಂತು, ಕಣ್ಣಲ್ಲಿ ನೀರು ತರಿಸಿತು. "ನಿಮ್ಮ ಕೈಗೆ ತಿಳೀಲಿ ಅಂತ ಅದು ಬಾಯಾಗ ಮುಳ್ಳು ಇಟ್ಕೊಂಡು, ದಾರ ಎಳಕೋತ ತಿರುಗಬೇಕು. ನೀವು ಮನಿಗೆ ಬಂದು ಕೈ ತೊಳಕೊಂಡು ಬಿಟ್ಟೆ ಅಂತೀರಿ. ಇದಕ್ಕಿಂತ ತಿಂದುಬರೋರು ವಾಸಿ ಇದ್ದಾರ."

ವ್ಯಾಸರಾಜ ದಾರ ಸುತ್ತಿಕೊಂಡ. ಕೋಲನ್ನು ಒಂದರೊಳಗೊಂದು ದೂಡಿ ಚೀಲಕ್ಕೆ ಹಾಕಿ ಅವಳ ಕಾಲ ಬಳಿ ಇಟ್ಟ. "ಬ್ಯಾಡ ಅನ್ನು, ಇಲ್ಲೇ ನೀರಿಗೆ ಒಗೀತೀನಿ."

ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಆಡಿದರೆ ಇವನು ಬಿಡುತ್ತಾನೆ. ಆದರೆ ಬಿಟ್ಟಿದ್ದಾನೆ ಎಂದು ನಂಬುವ ಕೆಲಸ ತನ್ನ ಪಾಲಿಗೆ ಬರುತ್ತದೆ. ಜನ್ಮವಿಡೀ ಅಂಗಿ ಮೂಸಬೇಕು, ಛತ್ರಿ ತಡವಬೇಕು, ಕೆಮ್ಮಿಗೆಲ್ಲ ಅರ್ಥ ಹುಡುಕಬೇಕು. ಈ ಕೆಲವು ದಿನಗಳಲ್ಲಿಯೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತ್ತು.

"ದಪ್ಪ ದಾರ ತರ್ರಿ," ಎಂದಳು. "ಕಲ್ಲಿಗೆ ತಿಕ್ಕಿದ್ರೂ ಹರೀಬಾರದು, ಅಂಥದ್ದು. ಹತ್ತಿರ ಬಿದ್ರ ಬೀಳ್ಲಿ. ಮತ್ತ ಅದನ್ನ ಸುತ್ತುವಾಗ ಎದುರಿಗೆ ನಾನು ಕೂಡ್ತೀನಿ, ನವನೀತಾ ಅಲ್ಲ. ಮತ್ತ ಗುರುವಾರ ಕೆಮ್ಮಬ್ಯಾಡ್ರಿ. ಮೊದಲನೇ ಹೆಸರು ಗಟ್ಟಿಯಾಗಿ ಅಂದು, ತಪ್ಪಾಯ್ತು ಅನ್ರಿ."

ಮುಂದಿನ ಗುರುವಾರ ಮಠದ ಹೊರಗಿನ ಕಟ್ಟೆಗೂ ಕೇಳಿಸುವ ಹಾಗೆ ವ್ಯಾಸರಾಜ ಮತ್ಸ್ಯಾಯ ನಮಃ ಎಂದ. ಅವಳು ಅವನ ಕೈಯಿಂದಲೇ ಪ್ರಸಾದ ತೆಗೆದುಕೊಂಡು ಅಲ್ಲಿಯೇ ಬಾಯಿಗೆ ಹಾಕಿಕೊಂಡಳು.

ದಪ್ಪ ದಾರ ಬಂದದ್ದು ಶನಿವಾರ. ಅತ್ತೆ ಊಟ ಮಾಡಿ ಅಡ್ಡಾದ ಮೇಲೆ ಗಂಡಹೆಂಡತಿ ಹಿಂದಿನ ಕೋಣೆಯಲ್ಲಿ ಎದುರುಬದುರು ಕೂತರು. ರೀಲಿನ ತಳದಲ್ಲಿ ಸ್ವಲ್ಪ ಹಳೆಯ ಪ್ಲಾಸ್ಟಿಕ್ ದಾರವನ್ನು ಅವನು ಹಾಗೆಯೇ ಉಳಿಸಿದ್ದ. ಬರೀ ಲೋಹದ ಮೇಲೆ ಹೊಸದು ಜಾರುತ್ತದೆ, ಅಡಿಯಲ್ಲಿ ಹಳೆಯದೊಂದು ಇದ್ದರೆ ಕಚ್ಚಿಕೊಂಡು ನಿಲ್ಲುತ್ತದೆ ಎಂದ. ಆ ಮಾತು ಅವಳಿಗೆ ಹಿಡಿಸಿತು. ಎರಡಕ್ಕೂ ಗಂಟು ಹಾಕಿದ. ಅವಳು ಒದ್ದೆ ಬಟ್ಟೆಯ ನಡುವೆ ದಾರ ಹಿಡಿದಳು, ಅವನು ತಿರುವಿದ. ತುಸು ಸಡಿಲ ಬಿಟ್ಟು ನೋಡಿದರೆ ದಾರ ತನ್ನಷ್ಟಕ್ಕೇ ಹೊಸೆದುಕೊಳ್ಳತೊಡಗಿತ್ತು. ನವನೀತಾ ಹೇಳಿದ್ದು ನೆನಪಾಗಿ ನೆಲದ ಮೇಲಿನ ಉಂಡೆಯನ್ನು ಮಗ್ಗುಲು ಬದಲಿಸಿ ಮಲಗಿಸಿದಳು. ಆಮೇಲೆ ಸರಾಗ ಬಂತು. ಅಂಚಿನವರೆಗೆ ತುಂಬಿಸಿದರೆ ಉಕ್ಕಿ ಗಂಟಾಗುತ್ತದೆಂದು ತುಸು ಕೆಳಗೇ ನಿಲ್ಲಿಸುವುದರಲ್ಲಿದ್ದರು. ಇಬ್ಬರೂ ನಗುತ್ತಿದ್ದರು. ಬಾಗಿಲಲ್ಲಿ ಜಯಾಬಾಯಿ ನಿಂತಿದ್ದರು.

"ಏನದು?"

ಕೃಷ್ಣಪ್ರಿಯಾ ಸೆರಗನ್ನು ರೀಲಿನ ಮೇಲೆ ಸರಿಸಿದಳು.

"ಆಫೀಸಿನ ದಾರ ಅತ್ತಿ. ಫೈಲು ಕಟ್ಟೋದು."

ಜಯಾಬಾಯಿ ಬಗ್ಗಿ ದಾರದ ತುದಿ ಹಿಡಿದು ಜಗ್ಗಿದರು. ಮತ್ತೆ ಜಗ್ಗಿದರು. "ಇದು ಹರಿಯವಲ್ದಲ್ಲ."

"ಹರೀಬಾರದು ಅಂತನೇ ತಂದದ್ದು," ಎಂದಳು ಸೊಸೆ.

ಪೇಶ್ಕಾರರ ಹೆಂಡತಿ ಗಂಡನ ಕಾಲದ ಅದೆಷ್ಟೋ ಫೈಲುಗಳಿಗೆ ತಮ್ಮ ಕೈಯಾರೆ ಲಾಡಿ ಕಟ್ಟಿದವರು. ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿ, ಫೈಲಿನ ಮಾತಾಡಿದ ಸೊಸೆಯ ಮುಖದ ಮೇಲೆ ಕಣ್ಣು ನಿಲ್ಲಿಸಿ ಹೊರಟುಹೋದರು. ಮರುದಿನ ಬೆಳಿಗ್ಗೆ ಕೃಷ್ಣಪ್ರಿಯಾ ಹಿತ್ತಲಿಗೆ ಬಂದಾಗ ಒಗೆಯುವ ಬಟ್ಟೆಯ ಬುಟ್ಟಿಯ ಮುಂದೆ ಅತ್ತೆ ಕೂತಿದ್ದರು. ಮಗನ ಅಂಗಿಯನ್ನು ಹಾಗೆಯೇ ಬದಿಗಿಟ್ಟು, ಸೊಸೆಯ ಸೀರೆಯ ಸೆರಗಿನ ಗಂಟು ಬಿಚ್ಚಿ ನೋಡುತ್ತಿದ್ದರು.